ಕಿಲುಬು ಹಿಡಿದ ಕಡ್ಡಿ ವರದಿಯಲ್ಲೇಕಿಲ್ಲ?

ಇಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳು ಬರೆಯುವ ಪ್ರಾಜೆಕ್ಟ್ ವರದಿಗಳನ್ನು ನಿವೃತ್ತನಾದ ಮೇಲೆ ನಾನು ಇಪ್ಪತ್ತಕ್ಕೂ ಹೆಚ್ಚು ಓದಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರಿಗೆ ಈ ಗೊಡವೆ ಏಕೆ ಎಂದು ನೀವು ಕೇಳಬಹುದು. ನೆಂಟರ ಮಕ್ಕಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು “ಇಂಗ್ಲಿಷ್ ಸ್ವಲ್ಪ ನೋಡಿಕೊಡಿ” ಎಂದು ತಂದುಕೊಡುತ್ತಾರೆ. ನನ್ನ ಬಳಿ ಹೊತ್ತೂ ಇದೆ, ಕೆಂಪು ಶಾಯಿಯ ಪೆನ್ನೂ ಇದೆ! ಹೀಗೆ ಓದುತ್ತ ಓದುತ್ತ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಈ ವರದಿಗಳಲ್ಲಿ ವಿದ್ಯಾರ್ಥಿಗಳು ಮಾಡಿದ ಕೆಲಸವೊಂದನ್ನು ಬಿಟ್ಟು ಉಳಿದೆಲ್ಲವೂ ಇರುತ್ತದೆ. ಅದರಲ್ಲಿಯೂ ಅವರು ಎಡವಿದ್ದು ಎಲ್ಲಿ, ಎದ್ದದ್ದು ಹೇಗೆ ಎಂಬುದು ಒಂದಕ್ಷರವೂ ಇರುವುದಿಲ್ಲ. ಅದೊಂದೇ ಬರೆಯಲು ಯೋಗ್ಯವಾದ ಸಂಗತಿ ಎಂಬುದು ನನ್ನ ವಾದ.

ಈ ವರದಿಗಳನ್ನು ನೋಡದವರಿಗಾಗಿ ಅವುಗಳ ಸ್ವರೂಪವನ್ನು ಸ್ವಲ್ಪ ವಿವರಿಸುತ್ತೇನೆ. ಮೊದಲು ಕಾಲೇಜಿನ ಲಾಂಛನವಿರುವ ಮುಖಪುಟ. ಬಳಿಕ ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರು ಸಹಿ ಮಾಡಿದ ಪ್ರಮಾಣಪತ್ರ. ಅನಂತರ ಕೃತಜ್ಞತೆಗಳು, ಆಡಳಿತ ಮಂಡಳಿಯ ಅಧ್ಯಕ್ಷರಿಂದ ಆರಂಭವಾಗಿ ಪ್ರಯೋಗಶಾಲೆಯ ಸಿಬ್ಬಂದಿಯವರೆಗೆ ಇಳಿದು, ಕೊನೆಗೆ ತಂದೆತಾಯಿಗಳಿಗೆ ಒಂದು ಸಾಲು. ಸಾರಾಂಶ, ಪೀಠಿಕೆ, ಹಿಂದಿನ ಅಧ್ಯಯನಗಳ ಸಮೀಕ್ಷೆ, ವಿನ್ಯಾಸ, ಅನುಷ್ಠಾನ, ಫಲಿತಾಂಶ, ಮುಂದಿನ ಸಾಧ್ಯತೆಗಳು. ಅಕ್ಷರದ ಅಳತೆ 12, ಸಾಲುಗಳ ನಡುವೆ ಒಂದೂವರೆ ಅಂತರ. ಕಪ್ಪು ಅಥವಾ ಕಡುನೀಲಿ ರಟ್ಟಿನ ಮೇಲೆ ಬಂಗಾರದ ಬಣ್ಣದ ಅಕ್ಷರ. ಇದಾವುದಕ್ಕೂ ನನ್ನ ಆಕ್ಷೇಪವಿಲ್ಲ. ಚೌಕಟ್ಟು ಬೇಕು. ಆದರೆ ಚೌಕಟ್ಟಿನೊಳಗೆ ಚಿತ್ರವೂ ಇರಬೇಕಲ್ಲವೇ? ಕೃಷಿಗೆ ಸಂಬಂಧಿಸಿದ ವರದಿಯಾದರೆ ಪೀಠಿಕೆಯ ಮೊದಲ ವಾಕ್ಯ ಯಾವುದೆಂದು ನಾನು ರಟ್ಟನ್ನು ತೆರೆಯದೆಯೇ ಹೇಳಬಲ್ಲೆ: ಭಾರತವು ಕೃಷಿಪ್ರಧಾನ ದೇಶ. ಆರೋಗ್ಯಕ್ಕೆ ಸಂಬಂಧಿಸಿದ್ದಾದರೆ ಆರೋಗ್ಯವೇ ಭಾಗ್ಯ. ವಾಹನಗಳಿಗೆ ಸಂಬಂಧಿಸಿದ್ದಾದರೆ ದಿನೇ ದಿನೇ ಹೆಚ್ಚುತ್ತಿರುವ ಅಪಘಾತಗಳು.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮೊಮ್ಮಗ ತಂದ ವರದಿಯೂ ಹೀಗೆಯೇ ಕೃಷಿಪ್ರಧಾನ ದೇಶದಿಂದಲೇ ಆರಂಭವಾಗಿತ್ತು. ನಾಲ್ವರು ಹುಡುಗರು ಸೇರಿ ಮಾಡಿದ ಪ್ರಾಜೆಕ್ಟ್. ಮಣ್ಣಿನ ತೇವಾಂಶವನ್ನು ಅಳೆದು, ಬೇಕಾದಾಗ ಮಾತ್ರ ತಾನಾಗಿಯೇ ಪಂಪನ್ನು ಚಾಲೂ ಮಾಡುವ ಉಪಕರಣ. ವರ್ಷವರ್ಷವೂ ಎಷ್ಟೋ ಕಾಲೇಜುಗಳಲ್ಲಿ ಮಾಡುವ ಪ್ರಾಜೆಕ್ಟ್ ಇದು. ಅದಕ್ಕಾಗಿ ಅವರನ್ನು ಹೀಗಳೆಯುವುದು ಸರಿಯಲ್ಲ. ನಮ್ಮಲ್ಲಿ ಮಕ್ಕಳೆಲ್ಲ ಒಂದೇ ಮಗ್ಗಿಯನ್ನು ಕಲಿತೇ ಲೆಕ್ಕಕ್ಕೆ ಹೋಗುತ್ತಾರೆ. ತಂಗಿಯ ಮನೆಯವರಿಗೆ ಹಿರಿಯೂರು ತಾಲ್ಲೂಕಿನಲ್ಲಿ ಸ್ವಲ್ಪ ಜಮೀನಿದೆ, ಒಂದು ಕಡೆ ಎರೆಮಣ್ಣು, ಇನ್ನೊಂದು ಕಡೆ ಕೆಮ್ಮಣ್ಣು. ಹುಡುಗರು ತಮ್ಮ ಉಪಕರಣವನ್ನು ಅಲ್ಲಿಯೇ, ಹಿತ್ತಲಿನ ಬದನೆ ಮಡಿಯಲ್ಲಿ ಹೂಡಿ ಪರೀಕ್ಷಿಸಿದ್ದರು.

ನಾನು ವರದಿಯನ್ನು ಓದಿ ಮುಗಿಸಿದೆ. ಎಪ್ಪತ್ತೆರಡು ಪುಟ. ಇಂಗ್ಲಿಷ್ ತಪ್ಪುಗಳೇ ಇರಲಿಲ್ಲ, ಅದೇ ನನಗೆ ಅನುಮಾನ ತಂದದ್ದು. ಬದನೆಯ ಮಡಿಯ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ. ಎರೆಮಣ್ಣು, ಕೆಮ್ಮಣ್ಣುಗಳ ಮಾತೂ ಇರಲಿಲ್ಲ. ಫಲಿತಾಂಶದ ಅಧ್ಯಾಯದಲ್ಲಿ ಎರಡು ಛಾಯಾಚಿತ್ರಗಳು ಹಾಗೂ ಉಪಕರಣವು ತೃಪ್ತಿಕರವಾಗಿ ಕೆಲಸ ಮಾಡಿತು, ಇದರಿಂದ ಶೇಕಡಾ 40ರಷ್ಟು ನೀರು ಉಳಿತಾಯವಾಗುತ್ತದೆ ಎಂಬ ಒಂದು ವಾಕ್ಯ.

ಆ ರಾತ್ರಿ ಊಟಕ್ಕೆ ಕುಳಿತಾಗ ತಂಗಿ ಮೊಮ್ಮಗನನ್ನು ಕೇಳಿದಳು, “ನನ್ನ ಬದನೆಕಾಯಿ ಗಿಡ ಕೊಳೆಸಿದೆಯಲ್ಲ, ಅದನ್ನ ತಾತನಿಗೆ ಹೇಳಿದೆಯೇನೋ?” ಹುಡುಗ ತಲೆ ತಗ್ಗಿಸಿದ. ಮೆಲ್ಲಗೆ ಕೇಳುತ್ತ ಹೋದಂತೆ ಇಡೀ ಕಥೆ ಹೊರಬಂತು. ಆ ಕಥೆಯನ್ನು ಆತ ಹೇಳಿದ ರೀತಿ ಎಷ್ಟು ಚೆನ್ನಾಗಿತ್ತೆಂದರೆ, ಅನ್ನ ಆರಿಹೋದದ್ದು ಗೊತ್ತಾಗಲಿಲ್ಲ.

ಅವರು ಬಳಸಿದ ಸೆನ್ಸರ್ ಎರಡು ಕಾಲುಗಳ ಮುಳ್ಳುಚಮಚದಂತಹ ಒಂದು ಸಣ್ಣ ಪಟ್ಟಿ. ಹುಡುಗರು ಅದನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಮಣ್ಣಿಗೆ ಚುಚ್ಚಿದರೆ ಆ ಎರಡು ಕಾಲುಗಳ ನಡುವೆ ಮಣ್ಣಿನ ಮೂಲಕ ಅತ್ಯಲ್ಪ ವಿದ್ಯುತ್ ಹರಿಯುತ್ತದೆ. ಮಣ್ಣು ಒದ್ದೆಯಾಗಿದ್ದರೆ ಹೆಚ್ಚು, ಒಣಗಿದ್ದರೆ ಕಡಿಮೆ. ಆರ್ಡುಯಿನೊ ಎಂಬ ಅಂಗೈಯಗಲದ ಹಲಗೆ ಅದನ್ನು 0ರಿಂದ 1023ರವರೆಗಿನ ಒಂದು ಸಂಖ್ಯೆಯಾಗಿ ಓದುತ್ತದೆ. ಸಂಖ್ಯೆ ಗೊತ್ತುಮಾಡಿದ ಮಿತಿಯನ್ನು ದಾಟಿದರೆ ಪಂಪು ಚಾಲೂ. ಮೊದಲ ಎರಡು ವಾರ ಎಲ್ಲವೂ ಸರಿಯಾಗಿತ್ತು. ಹದಿನೆಂಟನೆಯ ದಿನ ಅಜ್ಜಿಯಿಂದ ಫೋನು ಬಂತು: ಮಡಿಯಲ್ಲಿ ಕೆಸರು ನಿಂತಿದೆ, ಪಂಪು ನಿಲ್ಲುತ್ತಿಲ್ಲ. ಹುಡುಗರು ಓಡಿಬಂದು ನೋಡಿದರೆ ಮಣ್ಣು ಕೆಸರಾಗಿದ್ದರೂ ಉಪಕರಣ ಮಾತ್ರ ‘ಒಣಗಿದೆ, ಒಣಗಿದೆ’ ಎನ್ನುತ್ತಿತ್ತು. ಕಡ್ಡಿಯನ್ನು ಕಿತ್ತು ನೋಡಿದಾಗ ಒಂದು ಕಾಲಿನ ಮೇಲಿನ ಲೋಹದ ಲೇಪ ಹಸಿರುಗಟ್ಟಿ, ಅಲ್ಲಲ್ಲಿ ಪೂರ್ತಿ ಕರಗಿಹೋಗಿತ್ತು. ಇನ್ನೊಂದು ಕಾಲು ಹೆಚ್ಚುಕಡಿಮೆ ಹೊಸದರಂತೆಯೇ ಇತ್ತು.

“ತುಕ್ಕು ಹಿಡಿದಿತ್ತು ತಾತ” ಎಂದ ಹುಡುಗ. “ತಾಮ್ರಕ್ಕೆ ತುಕ್ಕು ಹಿಡಿಯಲ್ಲ ಕಣೋ, ಕಿಲುಬು ಹಿಡಿಯುತ್ತೆ. ಹುಣಸೆಹಣ್ಣು ಹಾಕಿ ತಿಕ್ಕೋದಲ್ವಾ” ಎಂದಳು ತಂಗಿ. ಅವಳ ಮಾತು ನಿಜ. ಏಕಮುಖವಾದ ವಿದ್ಯುತ್ತನ್ನು ಹಗಲಿರುಳು ಹರಿಯಬಿಟ್ಟಿದ್ದರಿಂದ ಧನಾಗ್ರವಾದ ಕಾಲಿನ ತಾಮ್ರ ಕರಗುತ್ತ ಹೋಗಿತ್ತು. ನಮ್ಮ ಹೈಸ್ಕೂಲಿನ ಪಾಠದಲ್ಲಿ ಮೈಲುತುತ್ತದ ದ್ರಾವಣದಲ್ಲಿ ಎರಡು ತಾಮ್ರದ ಪಟ್ಟಿಗಳನ್ನಿಟ್ಟು ತೋರಿಸುತ್ತಿದ್ದೆವಲ್ಲ, ಬಹುಮಟ್ಟಿಗೆ ಅದೇ ವಿದ್ಯುದ್ವಿಭಜನೆ. ಲೋಹ ಕರಗಿದಂತೆ ವಿದ್ಯುತ್ತಿನ ಹರಿವು ಕಡಿಮೆಯಾಗುತ್ತದೆ. ಕಡಿಮೆಯಾದಂತೆ ಉಪಕರಣವು ಮಣ್ಣು ಒಣಗಿದೆಯೆಂದು ಭಾವಿಸುತ್ತದೆ. ಹುಡುಗರು ತಾವಾಗಿಯೇ ಇದನ್ನು ಕಂಡುಕೊಂಡು, ಸದಾ ವಿದ್ಯುತ್ ಹರಿಸುವ ಬದಲು ಗಂಟೆಗೊಮ್ಮೆ, ಓದುವ ಕ್ಷಣದಲ್ಲಿ ಮಾತ್ರ ಹರಿಸುವಂತೆ ಪ್ರೋಗ್ರಾಮನ್ನು ಬದಲಾಯಿಸಿದ್ದರು. ಅದೂ ಸಾಲದೆ ಹೋದಾಗ, ಲೋಹ ಮಣ್ಣಿಗೆ ತಾಗದಂತಹ ಕೆಪ್ಯಾಸಿಟಿವ್ ಸೆನ್ಸರ್ ತರಿಸಿದ್ದರು. ಅಷ್ಟೇ ಅಲ್ಲ. ಗೊಬ್ಬರ ಹಾಕಿದ ಮರುದಿನ ಹಳೆಯ ಕಡ್ಡಿ ಮಣ್ಣನ್ನು ಇದ್ದದ್ದಕ್ಕಿಂತ ಒದ್ದೆಯೆಂದು ತೋರಿಸುತ್ತಿತ್ತಂತೆ, ಕರಗಿದ ಲವಣಗಳಿಂದಾಗಿ. ಕೆಮ್ಮಣ್ಣಿಗೆ ಗೊತ್ತುಮಾಡಿದ ಮಿತಿ ಎರೆಮಣ್ಣಿಗೆ ಹೊಂದುತ್ತಿರಲಿಲ್ಲವಂತೆ. ಕೊನೆಗೆ ಸಿವಿಲ್ ವಿಭಾಗದ ಪ್ರಯೋಗಶಾಲೆಗೆ ಹೋಗಿ, ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ಸಿನ ಒಲೆಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಿ, ನಿಜವಾದ ತೇವಾಂಶವೆಷ್ಟೆಂದು ಲೆಕ್ಕಹಾಕಿ ಎರಡೂ ಮಣ್ಣುಗಳಿಗೆ ಬೇರೆಬೇರೆ ಮಿತಿ ಗೊತ್ತುಮಾಡಿದ್ದರು!

“ಇದನ್ನೆಲ್ಲ ಏಕೆ ಬರೆಯಲಿಲ್ಲ?” ಎಂದು ನಾನು ಕೇಳಿದೆ. “ಅದು ಫೇಲ್ಯೂರ್ ಅಲ್ವಾ ತಾತ, ಅದನ್ನ ಬರೆದರೆ ಮಾರ್ಕ್ಸ್ ಕೊಡಲ್ಲ” ಎಂದ. “ಹಾಗಾದರೆ ಶೇಕಡಾ 40 ಎಲ್ಲಿಂದ ಬಂತು?” ಎಂದೆ. ಉತ್ತರವಿಲ್ಲ. ನೀರಿನ ಮೀಟರು ಅವರ ಬಳಿ ಇರಲೇ ಇಲ್ಲ. ಯಾವುದೋ ದೇಶದ, ಯಾವುದೋ ಬೆಳೆಯ ಪ್ರಬಂಧವೊಂದರಿಂದ ಆ ಸಂಖ್ಯೆ ನಡೆದುಬಂದು ಹಿರಿಯೂರಿನ ಬದನೆಯ ಮಡಿಯಲ್ಲಿ ಕುಳಿತಿತ್ತು.

ಆ ಹುಡುಗ ಸುಳ್ಳುಗಾರನಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಗಿಡ ಕೊಳೆಸಿದ್ದನ್ನು ಮುಚ್ಚಿಡಬೇಕೆಂದೂ, ಅಳೆಯದ ಸಂಖ್ಯೆಯನ್ನು ಬರೆಯಬಹುದೆಂದೂ ಅವನಿಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿದ್ದ ಹಿಂದಿನ ವರದಿಗಳನ್ನು ನೋಡಿ ಆತ ಕಲಿತದ್ದು. ಅವುಗಳಲ್ಲಿ ಯಾವ ಪಂಪೂ ಕೆಟ್ಟಿರಲಿಲ್ಲ. ಎಲ್ಲ ಉಪಕರಣಗಳೂ ತೃಪ್ತಿಕರವಾಗಿಯೇ ಕೆಲಸ ಮಾಡಿದ್ದವು.

ಇದರ ಬೇರು ಶಾಲೆಯಲ್ಲಿಯೇ ಇದೆ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗ ನಿಮಗೆ ನೆನಪಿರಬಹುದು, ವಿಜ್ಞಾನ ಸಂಘದಲ್ಲಿ ಮಾಡುತ್ತಿದ್ದೆವು. ದಾರ, ಗುಂಡು, ಗಡಿಯಾರ. ಇಪ್ಪತ್ತು ತೂಗಾಟಗಳಿಗೆ ಹಿಡಿಯುವ ಕಾಲ. ನಾಡಿನ ಯಾವುದೇ ಶಾಲೆಯ ದಾಖಲೆ ಪುಸ್ತಕವನ್ನು ತೆರೆದರೂ ಉತ್ತರ ಸೆಕೆಂಡಿನ ವರ್ಗಕ್ಕೆ 980 ಸೆಂಟಿಮೀಟರ್ ಎಂದೇ ಇರುತ್ತದೆ. ಉತ್ತರ ಮೊದಲು, ಅವಲೋಕನ ಅನಂತರ! ಒಮ್ಮೆ ಒಬ್ಬ ಹುಡುಗಿ 958 ಎಂದು ಬರೆದು, ಕೆಳಗೆ ಪುಟ್ಟ ಅಕ್ಷರಗಳಲ್ಲಿ ಹೀಗೆ ಸೇರಿಸಿದ್ದಳು: ದಾರವನ್ನು ಗುಂಡಿನ ಕೊಕ್ಕೆಯವರೆಗೆ ಮಾತ್ರ ಅಳೆದಿದ್ದೇವೆ, ಗುಂಡಿನ ನಡುವಿನವರೆಗೆ ಅಳೆಯಬೇಕಿತ್ತು, ಅದರಿಂದ ಉದ್ದ ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಿದೆ. ಐವತ್ತು ಸೆಂಟಿಮೀಟರಿನಲ್ಲಿ ಒಂದು ಹೋದರೆ ಉತ್ತರದಲ್ಲಿಯೂ ನೂರಕ್ಕೆ ಎರಡರಷ್ಟು ಹೋಗುತ್ತದೆ. ನೀವೇ ಲೆಕ್ಕಹಾಕಿ ನೋಡಿ, ಸರಿಹೊಂದುತ್ತದೆ. ಆ ವರ್ಷ ಅತಿ ಹೆಚ್ಚು ಅಂಕ ಕೊಟ್ಟದ್ದು ನಾನು ಅವಳಿಗೇ. ಆಗ “ಸಾರ್, ನಮ್ಮದು 980 ಬಂದಿದೆ, ಅವಳದ್ದು ತಪ್ಪು ಬಂದಿದೆ” ಎಂದು ಜಗಳಕ್ಕೆ ಬಂದವರಲ್ಲಿ ಇಬ್ಬರು ಇದನ್ನು ಓದುತ್ತಿರಬಹುದು. ಈಗಲಾದರೂ ಒಪ್ಪುತ್ತೀರಾ?

ಇದು ಬರಿಯ ಪರೀಕ್ಷೆಯ ಅಂಕಗಳ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ವರದಿಯಲ್ಲಿ ಏನನ್ನು ಎಲ್ಲಿ ಹೇಳುತ್ತೇವೆ ಎಂಬುದು ಪ್ರಾಣದ ಪ್ರಶ್ನೆಯಾದದ್ದೂ ಉಂಟು. 2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರಿದಾಗ ಇಂಧನ ತೊಟ್ಟಿಯ ಹೊರಕವಚದಿಂದ ನೊರೆಯಂತಹ ವಸ್ತುವಿನ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆಯಿನ್ನೂ ಮೇಲಿರುವಾಗಲೇ ಇಂಜಿನಿಯರುಗಳು ಅಪಾಯವೆಷ್ಟೆಂದು ಲೆಕ್ಕಹಾಕಿ ಮೇಲಧಿಕಾರಿಗಳಿಗೆ ಪವರ್‌ಪಾಯಿಂಟ್ ಹಾಳೆಗಳಲ್ಲಿ ತೋರಿಸಿದರು. ಅದರಲ್ಲೊಂದು ಹಾಳೆಯ ತಲೆಬರಹ ಓದಿದರೆ ಭಯಪಡುವಂಥದ್ದೇನೂ ಇಲ್ಲವೆನಿಸುತ್ತದೆ. ಆದರೆ ಅದೇ ಹಾಳೆಯ ಕಟ್ಟಕಡೆಯಲ್ಲಿ, ಸಣ್ಣ ಅಕ್ಷರದ ಉಪಸಾಲುಗಳಲ್ಲಿ ಅಡಗಿದ್ದ ಸಂಗತಿ ಬೇರೆ: ರೆಕ್ಕೆಗೆ ಬಡಿದ ತುಂಡಿನ ಗಾತ್ರ ಸುಮಾರು 1920 ಘನ ಅಂಗುಲ, ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ್ದ ತುಂಡು ಕೇವಲ 3 ಘನ ಅಂಗುಲ. ಅಂದರೆ 640 ಪಟ್ಟು ದೊಡ್ಡದು! ಆ ಪರೀಕ್ಷೆಗಳನ್ನು ನಂಬಿಕೊಂಡು ಇದರ ಬಗ್ಗೆ ಏನನ್ನೂ ಹೇಳುವಂತಿರಲಿಲ್ಲ. ತಲೆಬರಹದಲ್ಲಿರಬೇಕಾದ ಮಾತು ಅಡಿಯಲ್ಲಿ ಹೂತುಹೋಗಿತ್ತು. ಫೆಬ್ರವರಿ 1ರಂದು ಹಿಂದಿರುಗುವಾಗ ನೌಕೆ ಛಿದ್ರವಾಗಿ, ನಮ್ಮ ಕರ್ನಾಲಿನ ಹೆಣ್ಣುಮಗಳು ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ತೀರಿಕೊಂಡರು. ಅವಘಡಕ್ಕೆ ಆ ಒಂದು ಹಾಳೆಯೇ ಕಾರಣವೆಂದು ಯಾರೂ ಹೇಳುವುದಿಲ್ಲ, ಕಾರಣಗಳು ಹಲವು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ವರದಿ ಕೊಟ್ಟ ತನಿಖಾ ಮಂಡಳಿಯು, ಪೂರ್ಣವಾಕ್ಯಗಳ ತಾಂತ್ರಿಕ ವರದಿಗಳ ಬದಲು ಇಂತಹ ಹಾಳೆಗಳನ್ನೇ ನೆಚ್ಚಿಕೊಂಡ ಅಭ್ಯಾಸವನ್ನು ಎತ್ತಿ ತೋರಿಸಿ ಟೀಕಿಸಿತು. ಆ ಇಂಜಿನಿಯರುಗಳೂ ಒಂದು ಕಾಲಕ್ಕೆ ಕಾಲೇಜಿನ ಕೊನೆಯ ವರ್ಷದಲ್ಲಿದ್ದವರೇ.

ವರದಿ ಬೇರೆ ರೀತಿಯಲ್ಲಿಯೂ ಕೆಲಸ ಮಾಡಬಲ್ಲದು. 1908ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ, ಮರುವರ್ಷ ಅಲ್ಲಿಗೆ ಹೋದ ವಿಶ್ವೇಶ್ವರಯ್ಯನವರು ಮಳೆಯ ಪ್ರಮಾಣ, ಜಲಾನಯನ ಪ್ರದೇಶಗಳನ್ನೆಲ್ಲ ಪರಿಶೀಲಿಸಿ, ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕೆಂದು ವರದಿ ಕೊಟ್ಟರು. ಅವರು ಮೈಸೂರಿಗೆ ಮರಳಿ, ಮುಖ್ಯ ಇಂಜಿನಿಯರಾಗಿ, ದಿವಾನರಾಗಿ, ಆ ಹುದ್ದೆಯನ್ನೂ ಬಿಟ್ಟ ಮೇಲೆ 1920ರಲ್ಲಿ ಉಸ್ಮಾನ್ ಸಾಗರ ಮುಗಿಯಿತು. ಹಿಮಾಯತ್ ಸಾಗರ 1927ರಲ್ಲಿ. ಬರೆದವರು ಹೊರಟುಹೋದರೂ ಬರೆದದ್ದು ಅಲ್ಲಿ ನಿಂತು ಕೆಲಸ ಮಾಡಿಸಿತು.

ಈಗ ನಕಲಿನ ವಿಚಾರಕ್ಕೆ ಬರುತ್ತೇನೆ. 2018ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಕೃತಿಚೌರ್ಯವನ್ನು ತಡೆಯಲು ನಿಯಮಗಳನ್ನು ಹೊರಡಿಸಿತು. ಶೇಕಡಾ 10ರವರೆಗೆ ಹೋಲಿಕೆಯಿದ್ದರೆ ದಂಡನೆಯಿಲ್ಲ. ಪ್ರಬಂಧಗಳ ವಿಷಯದಲ್ಲಿ ಅದಕ್ಕೆ ಮೇಲ್ಪಟ್ಟು 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, 60 ಮೀರಿದರೆ ನೋಂದಣಿಯೇ ರದ್ದು. ಒಳ್ಳೆಯ ನಿಯಮವೇ. ಆದರೆ ಅದರಿಂದಾದ ಪರಿಣಾಮವನ್ನು ನೋಡಿ. ಹುಡುಗರು ಈಗ ನಕಲು ಮಾಡುವುದನ್ನು ಬಿಟ್ಟಿಲ್ಲ. ನಕಲಿನ ಪದಗಳನ್ನು ಬದಲಾಯಿಸುವುದನ್ನು ಕಲಿತಿದ್ದಾರೆ. ‘ಪರ್ಸೆಂಟೇಜ್ ಇಳಿಸಿಕೊಡುತ್ತೇವೆ’ ಎನ್ನುವ ಅಂಗಡಿಗಳೇ ಹುಟ್ಟಿಕೊಂಡಿವೆ, ಸಿದ್ಧ ಪ್ರಾಜೆಕ್ಟುಗಳನ್ನು ಮಾರುವ ಅಂಗಡಿಗಳ ಪಕ್ಕದಲ್ಲಿಯೇ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಮೇಲೆ ಆ ಅಂಗಡಿಗೂ ಹೋಗಬೇಕಾಗಿಲ್ಲ. ಕೃಷಿಪ್ರಧಾನ ದೇಶದ ಪೀಠಿಕೆಯನ್ನು ಯಂತ್ರ ಅರೆ ನಿಮಿಷದಲ್ಲಿ, ಯಾರದೂ ಅಲ್ಲದ ಮಾತುಗಳಲ್ಲಿ ಬರೆದುಕೊಡುತ್ತದೆ. ಹೋಲಿಕೆ ಹೆಚ್ಚುಕಡಿಮೆ ಸೊನ್ನೆ! ಎರವಲು ಎಷ್ಟಿದೆ ಎಂಬುದನ್ನು ಆ ಶೇಕಡಾವಾರು ಲೆಕ್ಕ ಒಂದಿಷ್ಟು ಅಳೆಯಬಹುದು, ಸ್ವಂತದ್ದು ಎಷ್ಟಿದೆ ಎಂಬುದನ್ನು ಅಳೆಯಲಾರದು. ಹದಿನೆಂಟನೆಯ ದಿನ ಮಡಿಯಲ್ಲಿ ಕೆಸರು ನಿಂತದ್ದು ಯಾವ ಯಂತ್ರಕ್ಕೂ ಗೊತ್ತಿಲ್ಲ. ಗೊತ್ತಿರುವುದು ನಾಲ್ವರು ಹುಡುಗರಿಗೆ ಮತ್ತು ಒಬ್ಬಳು ಅಜ್ಜಿಗೆ. ಅದನ್ನೇ ಬರೆಯದೆ ಬಿಟ್ಟರೆ ವರದಿಯಲ್ಲಿ ಉಳಿದದ್ದೇನು?

ಇನ್ನೊಂದು ಕಾರಣ ಭಾಷೆ. ಈ ಹುಡುಗ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಕಡ್ಡಿ ಕರಗಿದ್ದೇಕೆಂದು ಅಜ್ಜಿಗೆ ವಿವರಿಸುವಾಗ ಅವನ ಮಾತಿನಲ್ಲಿ ಒಂದು ತೊಡಕೂ ಇರಲಿಲ್ಲ: ಮೊದಲು ಹೀಗಾಯಿತು, ಆಗ ನಮಗೆ ಹೀಗೆನಿಸಿತು, ಹಾಗೆ ಮಾಡಿ ನೋಡಿದೆವು, ಆಗಲಿಲ್ಲ, ಮತ್ತೆ ಹೀಗೆ ಮಾಡಿದೆವು. ಅದನ್ನೇ ಇಂಗ್ಲಿಷಿನಲ್ಲಿ ಬರೆಯಬೇಕೆಂದಾಗ ಕೈ ನಡುಗುತ್ತದೆ. ವರದಿಯಲ್ಲಿ ‘ನಾವು’ ಎನ್ನಬಾರದು, ‘ಗಮನಿಸಲಾಯಿತು’, ‘ಅಳವಡಿಸಲಾಯಿತು’ ಎಂದೇ ಬರೆಯಬೇಕೆಂದು ಬೇರೆ ಹೇಳಿರುತ್ತಾರೆ. ಗಮನಿಸಿದವರು ಯಾರು? ಗಿಡ ಕೊಳೆಸಿದವರು ಯಾರು? ಆ ಕರ್ಮಣಿ ಪ್ರಯೋಗದಲ್ಲಿ ಮನುಷ್ಯರೇ ಮಾಯ. ತನ್ನ ಹರಕು ಇಂಗ್ಲಿಷಿಗಿಂತ ಬೇರೆಯವರ ನೆಟ್ಟಗಿನ ಇಂಗ್ಲಿಷೇ ವಾಸಿ ಎಂದುಕೊಂಡು ಹುಡುಗ ಎರವಲಿಗೆ ಕೈಚಾಚುತ್ತಾನೆ. ಎರವಲು ತಂದ ವಾಕ್ಯಗಳಲ್ಲಿ ಅವನ ಕಡ್ಡಿಗೆ ಜಾಗವಿರುವುದಿಲ್ಲ. 2021ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು. ಅದು ಸಂತೋಷದ ಸಂಗತಿ. ಆದರೆ ಇಡೀ ಪದವಿಯನ್ನು ಕನ್ನಡದಲ್ಲಿ ಓದಲು ತಂದೆತಾಯಿಗಳು ಬೇಗನೆ ಒಪ್ಪಲಾರರು. ನಾನು ಹೇಳುವುದು ಅದಕ್ಕಿಂತ ಸಣ್ಣ ಮಾತು. ಕರಡು ಪ್ರತಿಯನ್ನು ಮೊದಲು ಕನ್ನಡದಲ್ಲಿ, ಮನೆಯವರಿಗೆ ಕಾಗದ ಬರೆಯುವಂತೆ ಬರೆಯಿರಿ. ಅನಂತರ ಅದನ್ನು ನಿಮಗೆ ಬಂದಷ್ಟು ಇಂಗ್ಲಿಷಿಗೆ ತನ್ನಿ. ಸರಳ ಇಂಗ್ಲಿಷ್ ಸಾಕು. ಬೇಕಿದ್ದರೆ ವ್ಯಾಕರಣವನ್ನು ಯಂತ್ರ ತಿದ್ದಲಿ, ನನ್ನಂತಹ ಮುದುಕರು ತಿದ್ದಲಿ. ಹೇಳುವ ಮಾತು ನಿಮ್ಮದಿರಲಿ.

ತಂಗಿಯ ಇನ್ನೊಂದು ಪ್ರಶ್ನೆಯನ್ನೂ ಇಲ್ಲಿ ದಾಖಲಿಸಬೇಕು. “ಅಲ್ಲ ಕಣೋ, ತೋಟದ ಮೋಟ್ರಿಗೆ ಕರೆಂಟ್ ಕೊಡೋದೇ ಅವರಿಗೆ ತೋಚಿದ ಹೊತ್ತಿಗೆ, ಕೆಲವು ಸಾರಿ ಮಧ್ಯರಾತ್ರಿ. ಹಗಲಲ್ಲಿ ನಿನ್ನ ಯಂತ್ರ ನೀರು ಬೇಕು ಅಂದ್ರೆ ಯಾರು ಕೊಡ್ತಾರೆ?” ಮೂರು ಫೇಸ್ ವಿದ್ಯುತ್ತು ಬಂದೊಡನೆ ತಾನಾಗಿ ಮೋಟಾರು ಚಾಲೂ ಮಾಡುವ ಆಟೋ ಸ್ಟಾರ್ಟರ್ ಪೆಟ್ಟಿಗೆಗಳು ನಮ್ಮ ಕಡೆಯ ಪಂಪ್‌ಹೌಸುಗಳಲ್ಲಿ ಎಷ್ಟೋ ವರ್ಷಗಳಿಂದ ಇವೆ. ಹುಡುಗರ ಉಪಕರಣಕ್ಕೆ ನಿಜವಾದ ಎದುರಾಳಿ ಅದು. ಅವರ ಸಮೀಕ್ಷೆಯ ಅಧ್ಯಾಯದಲ್ಲಿ ಚೀನಾ, ಇಟಲಿ, ಈಜಿಪ್ಟಿನ ಪ್ರಬಂಧಗಳಿದ್ದವು. ಅವರದೇ ತೋಟದ ಗೋಡೆಗೆ ನೇತುಹಾಕಿದ್ದ ಪೆಟ್ಟಿಗೆ ಇರಲಿಲ್ಲ. ‘ಹಿಂದಿನ ಅಧ್ಯಯನಗಳು’ ಎಂದರೆ ಅಚ್ಚಾದದ್ದು ಮಾತ್ರ ಎಂದು ಯಾರು ಹೇಳಿದರು?

ನನ್ನ ವಾದಕ್ಕೆ ಎದುರುಮಾತುಗಳಿವೆ, ಅವು ಹಗುರವಾದವಲ್ಲ. ಕಾಲೇಜೊಂದರಲ್ಲಿ ಉಪನ್ಯಾಸಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ: “ಸಾರ್, ಒಂದೇ ದಿನದಲ್ಲಿ ಹದಿನೈದು ತಂಡಗಳ ಮೌಖಿಕ ಪರೀಕ್ಷೆ ಮುಗಿಸಬೇಕು. ಹೊರಗಿನ ಪರೀಕ್ಷಕರು ಸಂಜೆಯ ಬಸ್ಸಿಗೆ ಹೋಗಬೇಕು. ವರದಿಯನ್ನು ಓದೋದು ಎಲ್ಲಿಂದ ಬಂತು? ಪುಟ ತಿರುವಿ ಸಹಿ ಹಾಕ್ತೀವಿ.” ಇದು ನಿಜ. ಓದದ ಪರೀಕ್ಷಕನಿಗಾಗಿ ಯಾರು ತಾನೇ ಮನಸ್ಸಿಟ್ಟು ಬರೆದಾರು? ಸೋಲನ್ನು ಬರೆದರೆ ‘ಪ್ರಾಜೆಕ್ಟ್ ಕೆಲಸ ಮಾಡಲಿಲ್ಲ’ ಎಂದು ಅಂಕ ಕಳೆಯುವವರೂ ಇದ್ದಾರೆ. ಅಂತಹವರಿಗೆ ನಾನು 1887ರ ಮೈಕೆಲ್ಸನ್ ಮತ್ತು ಮಾರ್ಲೆಯವರನ್ನು ನೆನಪಿಸುತ್ತೇನೆ. ಈಥರಿನಲ್ಲಿ ಭೂಮಿಯ ಚಲನೆಯನ್ನು ಅಳೆಯಹೊರಟು, ನಿರೀಕ್ಷಿಸಿದ ಪಲ್ಲಟದ ಇಪ್ಪತ್ತರಲ್ಲೊಂದು ಭಾಗವೂ ಕಾಣಲಿಲ್ಲವೆಂದು ಅವರು ಅಂಕಿಅಂಶಗಳ ಸಮೇತ ಅಚ್ಚುಹಾಕಿಸಿದರು. ಹುಡುಕಿದ್ದು ಸಿಗಲಿಲ್ಲ ಎಂಬ ಆ ವರದಿ ಇಂದಿಗೂ ಭೌತವಿಜ್ಞಾನದ ಪಠ್ಯಗಳಲ್ಲಿದೆ. ಬದನೆಯ ಮಡಿಯನ್ನು ಈಥರಿಗೆ ಹೋಲಿಸುವುದು ಸ್ವಲ್ಪ ಅತಿಯಾಯಿತೇನೋ, ಇರಲಿ.

ನಾಲ್ವರು ಹುಡುಗರೂ ಎರಡು ದಿನ ಚರ್ಚೆ ಮಾಡಿದರು. ಇಬ್ಬರಿಗೆ ಬರೆಯುವ ಮನಸ್ಸು, ಒಬ್ಬನಿಗೆ ಕೆಲಸದ ಸಂದರ್ಶನದ ಚಿಂತೆ, ಇನ್ನೊಬ್ಬ ‘ಬೈಂಡಿಂಗಿಗೆ ಕೊಟ್ಟಾಗಿದೆ, ಮತ್ತೆ ದುಡ್ಡು ಯಾರು ಕೊಡ್ತಾರೆ’ ಎಂದನಂತೆ. ಇದೂ ನ್ಯಾಯವಾದ ಮಾತೇ. ಕೊನೆಗೆ ಮಾರ್ಗದರ್ಶಕರನ್ನು ಕೇಳಿದಾಗ ಅವರು ಹೊಸ ಅಧ್ಯಾಯಕ್ಕೆ ಒಪ್ಪಲಿಲ್ಲ, ಅನುಬಂಧವಾಗಿ ಮೂರು ಪುಟ ಸೇರಿಸಲು ಒಪ್ಪಿದರು. ಶೇಕಡಾ 40ನ್ನು ತೆಗೆದುಹಾಕಿ, ‘ನೀರಿನ ಉಳಿತಾಯವನ್ನು ಅಳೆದಿಲ್ಲ’ ಎಂದು ಬರೆದರು. ಅಂಕಗಳು ಉಳಿದ ತಂಡಗಳಿಗೆ ಬಂದಷ್ಟೇ ಬಂದವು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಪರೀಕ್ಷಕರು ಆ ಪುಟಗಳನ್ನು ತಿರುವಿದರೋ ಇಲ್ಲವೋ ಹುಡುಗನಿಗೂ ತಿಳಿಯದು. ಆದರೆ ಮುಂದಿನ ವರ್ಷ ಇದೇ ಪ್ರಾಜೆಕ್ಟ್ ಕೈಗೊಂಡ ತಂಡದವರು ಆ ಮೂರು ಪುಟಗಳ ಫೋಟೋ ತೆಗೆದುಕೊಂಡು ಹೋಗಿ, ಎರಡು ಕಾಲಿನ ಕಡ್ಡಿಯನ್ನು ಕೊಳ್ಳದೆ ನೇರವಾಗಿ ಕೆಪ್ಯಾಸಿಟಿವ್ ಸೆನ್ಸರನ್ನೇ ತರಿಸಿಕೊಂಡರಂತೆ. ಉಳಿದ ಎಪ್ಪತ್ತು ಪುಟಗಳ ಫೋಟೋ ಯಾರೂ ತೆಗೆಯಲಿಲ್ಲ.

ಆದ್ದರಿಂದ ನನ್ನ ಸಲಹೆ ಕಾಲೇಜುಗಳಿಗೆ, ವಿದ್ಯಾರ್ಥಿಗಳಿಗಲ್ಲ. ‘ಕೆಲಸ ಮಾಡದೆ ಹೋದದ್ದು’ ಎಂಬ ಒಂದು ಅಧ್ಯಾಯವನ್ನು ಕಡ್ಡಾಯ ಮಾಡಿ, ಅದಕ್ಕೆ ನೂರರಲ್ಲಿ ಇಪ್ಪತ್ತು ಅಂಕವಿಡಿ. ಅನುಬಂಧದಲ್ಲಲ್ಲ, ಫಲಿತಾಂಶಕ್ಕಿಂತ ಮೊದಲು. ಕೊನೆಯ ವಾರ ಕುಳಿತು ಬರೆದರೆ ಯಾವುದೂ ನೆನಪಿರುವುದಿಲ್ಲವಾದ್ದರಿಂದ, ವರ್ಷವಿಡೀ ತಾರೀಖು ಹಾಕಿ ಬರೆದ ದಿನಚರಿ ಪುಸ್ತಕವನ್ನು ವರದಿಯ ಜೊತೆಗೆ ಪರೀಕ್ಷಕರ ಮುಂದಿಡಲಿ. ಹದಿನೈದು ತಂಡಗಳಿದ್ದರೂ ಆ ಒಂದು ಅಧ್ಯಾಯವನ್ನು ಓದಲು ಹೊತ್ತು ಸಿಕ್ಕೀತು. ಮೌಖಿಕ ಪರೀಕ್ಷೆಯ ಪ್ರಶ್ನೆಗಳು ಅದರಿಂದಲೇ ಬರಲಿ. ಅಂಗಡಿಯಿಂದ ಕೊಂಡುತಂದ ಪ್ರಾಜೆಕ್ಟಿಗೆ ಇಂತಹ ಅಧ್ಯಾಯವನ್ನು ಬರೆದುಕೊಡುವವರು ಅಷ್ಟು ಸುಲಭವಾಗಿ ಸಿಗಲಾರರು, ಬರೆಸಿಕೊಂಡರೂ ಎರಡನೆಯ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ. ಹೊಸ ತಂಡಗಳು ವಿಷಯ ಆರಿಸಿಕೊಳ್ಳುವ ಮೊದಲು ಹಿಂದಿನ ವರ್ಷದ ಈ ಅಧ್ಯಾಯಗಳನ್ನು ಓದಲಿ.

ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಏಳೆಂಟು ಮಂದಿಯಾದರೂ ಇದ್ದೀರಿ. ಇಪ್ಪತ್ತು ಅಂಕ ಹೆಚ್ಚಾಯಿತೆಂದು ನಿಮಗನಿಸಿದರೆ ಹತ್ತಕ್ಕೆ ಇಳಿಸೋಣ, ಅದಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ. ನಿಮ್ಮ ವಿಭಾಗದ ಸಭೆಯಲ್ಲಿ ಒಮ್ಮೆ ಪ್ರಸ್ತಾಪಿಸಿ, ಏನೆಂದರೆಂದು ನನಗೆ ತಿಳಿಸಿ.